ಮಗುವನ್ನು ಮಲಗಿಸಲು ಒಂದು ಜಾಗ

ಕಳೆದ ವಾರ ಪುತ್ತೂರಿನ ದರ್ಬೆಯ ಮೆಡಿಕಲ್ ಅಂಗಡಿಯಲ್ಲಿ ತಲೆನೋವಿನ ಮಾತ್ರೆಗೆಂದು ನಿಂತಿದ್ದೆ. ಮುಂದಿದ್ದ ಹೆಂಗಸಿನ ಕೈಯಿಂದ ಗ್ರೈಪ್ ವಾಟರಿನ ಬಾಟಲಿ ಜಾರಿ ನೆಲಕ್ಕೆ ಬಿತ್ತು. ಗಾಜಿನ ಚೂರು ಗುಡಿಸಿದ ಮೇಲೂ ಸಬ್ಬಸಿಗೆಯ ಆ ಸಿಹಿ ವಾಸನೆ ಅಲ್ಲೇ ನಿಂತಿತ್ತು. ಅಂಗಡಿಯವರು ನನ್ನನ್ನು ಮತ್ತೆ ಮತ್ತೆ ಕರೆದರಂತೆ. ನನಗೆ ಕೇಳಿಸಲಿಲ್ಲ. ನಾನು ಆಗ ದೂರದ ಮಹಾನಗರದ ವಿಶ್ವವಿದ್ಯಾಲಯದಲ್ಲಿ, ಸಸ್ಯಶಾಸ್ತ್ರ ವಿಭಾಗದ ಲ್ಯಾಬಿನ ಹೊರಗಿದ್ದೆ. ಸ್ಪಿರಿಟ್ಟಿನ ಘಾಟು, ಹಳೆ ಕಾಗದದ ಮುಗ್ಗಲು, ಅದರ ನಡುವೆ ಈ ವಾಸನೆ... ಮತ್ತು ಅಕ್ಕ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಾನು ಸುಳ್ಯದ ಕಡೆಯ ಗುತ್ತಿಗಾರಿನವಳು, ಅವಳು ಪುತ್ತೂರಿನ ಹತ್ತಿರದ ಸವಣೂರಿನ ಬ್ಯಾರಿ ಮುಸ್ಲಿಮರ ಮನೆಯವಳು. ಊರಿನಲ್ಲಿ ಒಬ್ಬರನ್ನೊಬ್ಬರು ಕಂಡದ್ದೇ ಇಲ್ಲ. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ಹಾಸ್ಟೆಲಿನ ಮೆಸ್ಸಿನಲ್ಲಿ ಬಡಿಸುವವನನ್ನು "ಸಾರು ಉಂಟಾ?" ಎಂದು ಕೇಳಿದೆ. ಸಾಲಿನಲ್ಲಿದ್ದ ಹುಡುಗಿಯರು "ಉಂಟಂತೆ, ಉಂಟಂತೆ" ಎಂದು ನಕ್ಕರು. ಆ ನಗುವಿನ ಹಿಂದಿನಿಂದ ಒಂದು ದನಿ ಬಂತು.

"ನೀನು ಪುತ್ತೂರಿನವಳಾ, ಸುಳ್ಯದವಳಾ?"

ತಲೆಗೆ ಕಡುನೀಲಿ ಶಾಲು ಸುತ್ತಿಕೊಂಡ, ತಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡ ತೆಳ್ಳಗಿನ ಹೆಂಗಸು. ನಮ್ಮದೇ ವಿಭಾಗದಲ್ಲಿ ನನಗಿಂತ ಕೆಲವು ವರ್ಷ ಮುಂದಿದ್ದ ಸಂಶೋಧನಾ ವಿದ್ಯಾರ್ಥಿನಿ. ಅಂದು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡಳು. ಅಂದಿನಿಂದ ಅವಳು ನನಗೆ ಅಕ್ಕ.

ಆ ವಿಶ್ವವಿದ್ಯಾಲಯ ಒಂದು ಊರಿನಷ್ಟು ದೊಡ್ಡದು. ಒಳಗೇ ಬಸ್ಸು ಓಡುತ್ತಿತ್ತು. ಏನು ಎಲ್ಲಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಹಾಸ್ಟೆಲು, ವಿಭಾಗ, ಗೈಡಿನ ಕೋಣೆ ಇಷ್ಟೇ ಗೊತ್ತಿದ್ದ ನನ್ನನ್ನು ಅಕ್ಕ ಒಂದು ಶನಿವಾರ ಹೊರಡಿಸಿ ಉದ್ದಕ್ಕೂ ನಡೆಸಿದಳು. ಬೇರೆ ವಿಶ್ವವಿದ್ಯಾಲಯದ ಪುಸ್ತಕ ಬೇಕಾದರೆ ತರಿಸಿಕೊಡುವ ಲೈಬ್ರರಿಯ ಕೌಂಟರ್, ಮೊದಲೇ ಹೆಸರು ಬರೆಸಿದರೆ ದೊಡ್ಡ ಮೈಕ್ರೋಸ್ಕೋಪ್ ಸಿಗುವ ಉಪಕರಣ ಕೇಂದ್ರ, ಸಮ್ಮೇಳನಕ್ಕೆ ಹೋಗಲು ಖರ್ಚು ಕೊಡುವ ಕಚೇರಿ, ನಾವು ಬರೆದ ಇಂಗ್ಲಿಷನ್ನು ತಿದ್ದಿಕೊಡುವ ಮೇಡಂ ಕೂರುತ್ತಿದ್ದ ಮೂಲೆ. "ಇದೆಲ್ಲ ನಮಗೇ ಅಂತ ಇರುದು ಮಾರಾಯ್ತಿ. ನಾಚಿಕೆ ಮಾಡಿದ್ರೆ ಬೇರೆಯವ್ರಿಗೆ ಹೋಗ್ತದೆ" ಎಂದಳು. ಆರೋಗ್ಯ ಕೇಂದ್ರದ ಹಿಂದೆ ಮರಗಳ ನಡುವೆ ಒಂದು ಸಣ್ಣ ಹಂಚಿನ ಕಟ್ಟಡವಿತ್ತು. ಆಪ್ತ ಸಮಾಲೋಚನಾ ಕೇಂದ್ರ. ಅದನ್ನು ಅವಳು ಬೆರಳು ಮಾಡಿ ತೋರಿಸಲಿಲ್ಲ, ಕಣ್ಣಿನಲ್ಲೇ ತೋರಿಸಿದಳು.

ಅದೇ ವರ್ಷದ ಕೊನೆಗೆ ನಾನು ಅಲ್ಲಿಗೆ ಹೋಗಬೇಕಾಯಿತು. ಏನು ಓದಿದರೂ ತಲೆಗೆ ಹೋಗದೆ, ಊಟ ಸೇರದೆ, ಎಲ್ಲ ಬಿಟ್ಟು ಊರಿಗೆ ಹೋಗುತ್ತೇನೆಂದು ಚೀಲ ಕಟ್ಟಿದ್ದೆ. ಅಕ್ಕ ಬೈಯಲಿಲ್ಲ. ಚೀಲವನ್ನು ತಾನೇ ಎತ್ತಿಕೊಂಡು ಆ ಹಂಚಿನ ಕಟ್ಟಡದವರೆಗೆ ಜೊತೆಗೆ ಬಂದಳು. "ಇಲ್ಲಿ ಅತ್ತರೆ ಯಾರೂ ನಗುದಿಲ್ಲ. ಅತ್ತು ಬಾ. ಆಮೇಲೂ ಹೋಗ್ಬೇಕು ಅನಿಸಿದ್ರೆ ನಾನೇ ಬಸ್ಸು ಹತ್ತಿಸ್ತೇನೆ." ಹೊರಗಿನ ಕಲ್ಲುಬೆಂಚಿನ ಮೇಲೆ ನನ್ನ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕಾದಳು. ನಾನು ಊರಿಗೆ ಹೋಗಲಿಲ್ಲ.

ಅವಳ ಸಂಶೋಧನೆ ರಬ್ಬರ್ ಎಲೆಗಳನ್ನು ಉದುರಿಸುವ ಒಂದು ಶಿಲೀಂಧ್ರದ ಮೇಲೆ. ಅವಳ ತಂದೆ ರಬ್ಬರ್ ಶೀಟಿನ ವ್ಯಾಪಾರಿ. ಎಲೆ ಹೆಚ್ಚು ಉದುರಿದ ವರ್ಷ ಮನೆಯಲ್ಲಿ ಮಾತು ಕಡಿಮೆಯಾಗುತ್ತಿತ್ತಂತೆ. ಅದನ್ನು ನೋಡಿ ನೋಡಿಯೇ ಈ ವಿಷಯ ಹಿಡಿದಿದ್ದಳು. ಮಳೆಗಾಲದಲ್ಲಿ ನಮ್ಮ ಕಡೆಯ ತೋಟಗಳಿಂದ ರೋಗದ ಎಲೆ ತಂದು, ಅದರಿಂದ ಶಿಲೀಂಧ್ರವನ್ನು ಬಿಡಿಸಿ ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತಿದ್ದಳು. ಹಸುಗೂಸಿನ ಹಾಗೆ ಅವು. ಹೊತ್ತಿಗೆ ಸರಿಯಾಗಿ ಹೊಸ ಆಹಾರಕ್ಕೆ ದಾಟಿಸದಿದ್ದರೆ ಸಾಯುತ್ತವೆ.

ನಿಜವಾದ ಹಸುಗೂಸು ಬಂದದ್ದು ಆಮೇಲೆ. ಅಕ್ಕನಿಗೆ ಮದುವೆಯಾಗಿತ್ತು, ಗಂಡ ಸೌದಿಯಲ್ಲಿ ಕೆಲಸಕ್ಕಿದ್ದ. ಅಕ್ಕ ಹೆರಿಗೆಗೆ ಊರಿಗೆ ಹೋಗಿ, ಎಳೆಯ ಹೆಣ್ಣುಮಗುವನ್ನು ಎತ್ತಿಕೊಂಡು ಮರಳಿದಳು. ಹಾಸ್ಟೆಲಿನಲ್ಲಿ ಮಗುವಿಗೆ ಅವಕಾಶವಿಲ್ಲ. ಗೇಟಿನ ಹೊರಗೆ ಬಾಡಿಗೆಗೆ ಒಂದು ಕೋಣೆ ಹಿಡಿದಳು. ಜೊತೆಗೆ ಬಂದಿದ್ದ ಅವಳ ತಾಯಿಗೆ ಆ ನಗರದ ಚಳಿ ಹಿಡಿಸದೆ ಕೆಮ್ಮು ಜೋರಾಗಿ, ಕೆಲವೇ ವಾರಗಳಲ್ಲಿ ಸವಣೂರಿಗೆ ಮರಳಬೇಕಾಯಿತು. ಊರಿನಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಮಗುವನ್ನು ಅಲ್ಲಿ ಬಿಡುವ ಹಾಗೂ ಇರಲಿಲ್ಲ, ಮೊಲೆ ಬಿಡಿಸುವ ವಯಸ್ಸೂ ಅದಕ್ಕೆ ಆಗಿರಲಿಲ್ಲ.

ವಿಶ್ವವಿದ್ಯಾಲಯದೊಳಗೆ ಒಂದು ಶಿಶುಪಾಲನಾ ಕೇಂದ್ರವಿತ್ತು. ನಾವೆಲ್ಲ ಬೇಬಿ ಸಿಟ್ಟಿಂಗ್ ಎನ್ನುತ್ತಿದ್ದೆವು. ನಮ್ಮ ಲ್ಯಾಬಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹಳದಿ ಗೋಡೆ, ತೂಗುವ ತೊಟ್ಟಿಲು, ಇಬ್ಬರು ಆಯಾಗಳು. ಅರ್ಧದಷ್ಟು ತೊಟ್ಟಿಲುಗಳು ಖಾಲಿಯೇ ಇರುತ್ತಿದ್ದವು. ಆದರೆ ಅದು ಸಿಬ್ಬಂದಿಯ ಮಕ್ಕಳಿಗೆ ಮಾತ್ರ. ನನಗೆ ಎಲ್ಲ ಬಾಗಿಲುಗಳನ್ನು ತೋರಿಸಿಕೊಟ್ಟವಳು ಈಗ ಒಂದೊಂದೇ ಬಾಗಿಲು ತಟ್ಟತೊಡಗಿದಳು. ವಿದ್ಯಾರ್ಥಿ ಕಲ್ಯಾಣದವರು ಆಡಳಿತ ಕಚೇರಿಗೆ ಹೋಗಿ ಎಂದರು. ಆಡಳಿತದವರು ವಿಭಾಗದಿಂದ ಬರಬೇಕು ಎಂದರು. ವಿಭಾಗದವರು ಮಹಿಳಾ ಘಟಕವನ್ನು ಕೇಳಿ ಎಂದರು. ಮಹಿಳಾ ಘಟಕದ ಮೇಡಂ ಮಗುವಿನ ಕೆನ್ನೆ ಹಿಂಡಿ, ಮುದ್ದಾಗಿದೆ ಎಂದು ಹೇಳಿ, ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದರು. ಆ ಸಭೆ ಯಾವಾಗ ನಡೆಯಿತೋ, ನಡೆಯಲೇ ಇಲ್ಲವೋ...

ಕೊನೆಗೆ ಅತಿ ದೊಡ್ಡ ಅಧಿಕಾರಿಯನ್ನು ಕಾಣಲು ಹೋದಾಗ ನಾನೂ ಜೊತೆಗಿದ್ದೆ. ಅವರು ಒಳ್ಳೆಯ ಮಾತಿನವರು. ಕೂರಿಸಿ ನೀರು ಕೊಡಿಸಿದರು.

"ನೋಡಮ್ಮಾ, ಮೊದಲು ಮಗು ದೊಡ್ಡದಾಗಲಿ. ಓದು ಎಲ್ಲಿಗೆ ಓಡಿ ಹೋಗುತ್ತೆ?"

"ಸರ್, ನನ್ನ ಪಿಎಚ್‌ಡಿ ಅವಧಿ ಮುಗೀತದೆ. ಅಲ್ಲಿ ತೊಟ್ಟಿಲು ಖಾಲಿ ಉಂಟಲ್ಲ ಸರ್. ಹಗಲು ಸ್ವಲ್ಪ ಹೊತ್ತು ಸಾಕು."

"ನಿಮಗೊಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಬರ್ತಾರೆ."

"ಬರ್ಲಿ ಸರ್" ಎಂದಳು ಅಕ್ಕ. ಅವರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಆಮೇಲೆ ನಾವೇ ಸರದಿ ಹಾಕಿಕೊಂಡೆವು. ಲ್ಯಾಬಿನೊಳಗೆ ಮಗು ಬರುವಂತಿಲ್ಲ, ರಾಸಾಯನಿಕಗಳ ಗಾಳಿ. ಅಕ್ಕ ಒಳಗೆ ಕೆಲಸ ಮಾಡುವಾಗ ನಾನೋ ಇನ್ನೊಬ್ಬ ಹುಡುಗಿಯೋ ಕಾರಿಡಾರಿನಲ್ಲಿ ಮಗುವನ್ನು ಹೆಗಲಿಗೆ ಹಾಕಿ ನಡೆಯುತ್ತಿದ್ದೆವು. ಅತ್ತರೆ ಗ್ರೈಪ್ ವಾಟರ್. ಅದನ್ನು ಕುಡಿಸಿದರೂ ಅತ್ತರೆ ಅಕ್ಕ ಕೈಗವಸು ಕಳಚಿ, ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಓಡಿ ಬರುತ್ತಿದ್ದಳು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಹಾಲುಣಿಸುತ್ತಿದ್ದಳು. ಹಾದುಹೋಗುವ ಹುಡುಗರು ಬೇರೆ ಕಡೆ ನೋಡಿಕೊಂಡು ನಡೆಯುತ್ತಿದ್ದರು. ಅವಳ ಕೊರಳಿನ ಮೂಳೆ ದಿನದಿನಕ್ಕೆ ಎದ್ದು ಕಾಣತೊಡಗಿತು.

ಒಮ್ಮೆ ನಾನು ಆ ಹಂಚಿನ ಕಟ್ಟಡವನ್ನು ನೆನಪಿಸಿದೆ. "ಅಕ್ಕ, ನೀವೂ ಒಮ್ಮೆ ಅಲ್ಲಿ ಹೋಗಿ ಮಾತಾಡಿ."

ಅವಳು ನಕ್ಕಳು. "ನನ್ನದು ಮನಸ್ಸಿನ ತೊಂದರೆ ಅಲ್ಲ ಮಾರಾಯ್ತಿ, ಜಾಗದ ತೊಂದರೆ. ಇದನ್ನು ಮಲಗಿಸಲಿಕ್ಕೆ ಒಂದು ಜಾಗ ಕೊಟ್ರೆ ಮನಸ್ಸು ತನ್ನಷ್ಟಕ್ಕೇ ಸರಿ ಆಗ್ತದೆ."

ಚಳಿಗಾಲದಲ್ಲಿ ಮಗುವಿಗೆ ಜ್ವರ ಬಂತು. ಕಾರಿಡಾರಿನ ಗಾಳಿಯೋ, ಕೋಣೆಯ ತಂಪು ನೆಲವೋ, ನ್ಯುಮೋನಿಯಾಕ್ಕೆ ತಿರುಗಿತು. ಅಕ್ಕ ಆಸ್ಪತ್ರೆಯಲ್ಲಿ ಕೂತಳು. ಶಿಲೀಂಧ್ರದ ತಟ್ಟೆಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದು ಭಾನುವಾರ ವಿಭಾಗಕ್ಕೆ ಬೀಗ ಬಿದ್ದಿದ್ದಾಗ ಅವುಗಳನ್ನಿಟ್ಟಿದ್ದ ಯಂತ್ರ ಕೆಟ್ಟು ಒಳಗೆ ಒಲೆಯಂತೆ ಕಾದಿತ್ತು. ಸೋಮವಾರ ಬಾಗಿಲು ತೆಗೆದಾಗ ಎಲ್ಲ ತಟ್ಟೆಗಳೂ ಒಣಗಿ ಬಿರುಕು ಬಿಟ್ಟಿದ್ದವು. ಒಂದರಲ್ಲೂ ಜೀವವಿರಲಿಲ್ಲ. ರೋಗದ ಎಲೆ ಸಿಗುವುದು ಮಳೆಗಾಲದಲ್ಲಿ ಮಾತ್ರ. ಅವಳ ಅವಧಿ ಮುಗಿಯುವುದು ಅದಕ್ಕಿಂತ ಮೊದಲೇ.

ಆಸ್ಪತ್ರೆಗೆ ಹೋಗಿ ಹೇಳಿದೆ. ಮಗುವಿನ ಮೂಗಿನ ನಳಿಕೆಯನ್ನು ಸರಿಮಾಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಎಲ್ಲವೂ ಹೋಯ್ತಾ?"

"ಹೌದಕ್ಕ."

"ಇದು ಒಂದು ಉಳಿದ್ರೆ ಸಾಕು ನನಗೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು...

ಮಗು ಉಳಿಯಿತು. ಅವಧಿ ವಿಸ್ತರಿಸಿ ಎಂದು ಗೈಡ್ ಕೂಡ ಓಡಾಡಿದರು. ಅವರು ಕೆಟ್ಟವರಲ್ಲ. ಮತ್ತೆ ಅದೇ ಕಚೇರಿಗಳು, ಅದೇ ಉತ್ತರಗಳು. ಸೌದಿಯಿಂದ ರಜೆಯಲ್ಲಿ ಬಂದ ಗಂಡ ಕೋಣೆ ಖಾಲಿ ಮಾಡಿಸಿದ. ಬಸ್ ಸ್ಟ್ಯಾಂಡಿನಲ್ಲಿ ಅವನು ಸಾಮಾನು ಏರಿಸುತ್ತಿದ್ದಾಗ ಅಕ್ಕ ನನ್ನನ್ನು ಬದಿಗೆ ಕರೆದಳು.

"ನೀನು ಬಿಡ್ಬೇಡ. ಇಬ್ಬರೂ ಬಿಟ್ರೆ, ನಮ್ಮ ಕಡೆಯ ಹುಡುಗಿಯರಿಗೆ ಇದೆಲ್ಲ ಆಗುದೇ ಇಲ್ಲ ಅಂತ ಆಗ್ತದೆ."

ನಾನು ಬಿಡಲಿಲ್ಲ. ಮುಗಿಸಿ ಬಂದು ಪುತ್ತೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ಕೆಲವು ವರ್ಷಗಳ ನಂತರ ಒಂದು ಸೆಮಿನಾರಿಗೆಂದು ಆ ವಿಶ್ವವಿದ್ಯಾಲಯಕ್ಕೆ ಹೋದಾಗ ಶಿಶುಪಾಲನಾ ಕೇಂದ್ರದ ಮುಂದೆ ಹೊಸ ಬೋರ್ಡು ಕಂಡಿತು. ಸಂಶೋಧನಾ ವಿದ್ಯಾರ್ಥಿಗಳ ಮಕ್ಕಳಿಗೂ ಪ್ರವೇಶ. ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದೆ.

"ಒಳ್ಳೇದಾಯ್ತು" ಎಂದಳು. "ಯಾರಿಗಾದ್ರೂ ಆಗ್ತದೆ." ಮತ್ತೆ, "ಕುಕ್ಕರ್ ಕೂಗ್ತಾ ಉಂಟು ಮಾರಾಯ್ತಿ, ಆಮೇಲೆ ಮಾತಾಡುವ" ಎಂದು ಇಟ್ಟಳು. ಆಮೇಲೆ ನಾವು ಆ ವಿಷಯ ಮಾತಾಡಲಿಲ್ಲ. ಆಡಬೇಕಾದ ದೊಡ್ಡ ಮಾತುಗಳು ಬೇರೆ ಬಂದವು. ಹೊಟ್ಟೆನೋವೆಂದು ತೋರಿಸಲು ಹೋದ ಅಕ್ಕನಿಗೆ ಕ್ಯಾನ್ಸರ್ ಎಂದರು. ಅದು ಆಗಲೇ ಎಲ್ಲ ಕಡೆ ಹರಡಿತ್ತು.

ಅವಳು ತೀರಿಕೊಂಡ ಮೇಲೆ ಸವಣೂರಿನ ಮನೆಗೆ ಹೋಗಿದ್ದೆ. ಗಂಡ ಸೌದಿ ಬಿಟ್ಟು ಬಂದಿದ್ದ. ಮಗಳು ಶಾಲೆಯ ಯೂನಿಫಾರ್ಮಿನಲ್ಲೇ ಬಾಗಿಲ ಬಳಿ ನಿಂತಿದ್ದಳು, ಅಕ್ಕನದೇ ಹುಬ್ಬು, ಅದೇ ತೆಳು ಮೈ. "ಇವರು ನಿನ್ನ ಉಮ್ಮನ ಒಟ್ಟಿಗೆ ಓದಿದವ್ರು" ಎಂದು ಅವನು ಪರಿಚಯಿಸಿದ. ಚಾ ತರಲು ಅವನು ಒಳಗೆ ಹೋದದ್ದೇ ಹುಡುಗಿ ಹತ್ತಿರ ಬಂದು ಕೂತಳು.

"ಆಂಟಿ, ಉಮ್ಮ ಓದು ಬಿಟ್ಟದ್ದು ನಾನು ಹುಟ್ಟಿದ್ದಕ್ಕಾ?"

"ಅಲ್ಲ ಮಗಾ. ನಿನ್ನನ್ನು ಅಲ್ಲಿಯ ಬೇಬಿ ಸಿಟ್ಟಿಂಗಿಗೆ ಸೇರಿಸಿಕೊಳ್ಳಲಿಲ್ಲ. ಅದಕ್ಕೆ ಬಿಟ್ಟದ್ದು."

"ಅಷ್ಟು ದೊಡ್ಡ ಕಾಲೇಜಲ್ಲಿ ಜಾಗ ಇರ್ಲಿಲ್ವಾ?"

"ಇತ್ತು."

ಒಳಗೆ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

"ನಾನು ಸ್ವಲ್ಪ ಬೇಗ ದೊಡ್ಡದಾಗ್ಬೇಕಿತ್ತು" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಚಾ ಬಂತು, ಕುಡಿದು ಎದ್ದು ಬಂದೆ. ತರಗತಿಯಲ್ಲಿ ಎಷ್ಟೋ ಹುಡುಗಿಯರ ಪ್ರಶ್ನೆಗೆ ಉತ್ತರ ಹೇಳುವ ನಾನು, ಈ ಮಗುವಿಗೆ ಹೇಳಬೇಕಾದ ಉತ್ತರವನ್ನು ಇವತ್ತಿಗೂ ಹುಡುಕುತ್ತಿದ್ದೇನೆ. ಅಕ್ಕ ಇದ್ದಿದ್ದರೆ ಫೋನು ಮಾಡಿ ಕೇಳುತ್ತಿದ್ದೆ.