ನನ್ನ ಎಡಗೈ ಸುಮ್ಮನಿರಲಿಲ್ಲ

“ತಂಗಿ, ನಾ ಯಾರಂತ ಇದು ಮೂರನೇ ಸಲ ಕೇಳಾಕತ್ತೈತಿ. ನಿಮಗರ ಗೊತ್ತೈತಿಲ್ಲೋ?”

ಕೇಳಿದವರು ಬೇಗಂ ಬಜಾರಿನ ಮಸಾಲೆ ವ್ಯಾಪಾರಿ ಶರಣಪ್ಪನವರು. ಅವರ ಅಂಗಡಿಗೆ ಆನ್‌ಲೈನ್ ಆರ್ಡರ್ ಬರುವಂತೆ ಮೂರು ತಿಂಗಳಿಂದ ಜಾವಾ ಕೋಡ್‌ನಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುತ್ತಿರುವವಳು ನಾನು. ಅಂದು ಡೆಮೊ. ಸರಿ ಕಂಡರೆ ಒಪ್ಪುತ್ತಾರೆ. ಇಲ್ಲವಾದರೆ ಅವರು ಮತ್ತೆ ಆರ್ಡರ್ ಬರೆಯುವ ಚೀಟಿಗೆ, ನಾನು ಬಂದ ದಾರಿಗೆ.

ಶರಣಪ್ಪನವರು ತಮ್ಮ ಫೋನಿನಲ್ಲಿ, ಒಂದೇ ಬೆರಳಲ್ಲಿ, ಗಿರಾಕಿಯ ಹಾಗೆ ಪಟ್ಟಿ ತುಂಬುತ್ತಿದ್ದರು. ಜೀರಿಗೆ, ಕೊತ್ತಂಬರಿ ಬೀಜ, ಲವಂಗ. ಅದನ್ನು ನಡೆಸುವ ಸರ್ವರ್ ಓಡುತ್ತಿದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ. ಹತ್ತನೇ ಸಾಮಾನಿಗೆ ಬರುವಷ್ಟರಲ್ಲಿ ಪಟ್ಟಿ ಮಾಯ! ಪರದೆಯ ಮೇಲೆ ಮತ್ತೆ ಅದೇ: ನಿಮ್ಮ ಹೆಸರು, ಪಾಸ್‌ವರ್ಡ್.

ನನಗೆ ತಲೆಬುಡ ತಿಳಿಯಲಿಲ್ಲ. ವೈಫೈಗೆ ಬೈದೆ. ಅವರ ಫೋನಿನ ವಯಸ್ಸು ಕೇಳಿದೆ (ಹೌದು, ನಾಚಿಕೆ ಬಿಟ್ಟು). ಬೆಳಿಗ್ಗೆ ಮನೆಯಲ್ಲಿ ಸರಿಯಿತ್ತಲ್ಲ! ಇಲ್ಲಿಗೆ ಬಂದ ಕೂಡಲೇ ಏನಾಯಿತು ಇದಕ್ಕೆ?

ನಾಲ್ಕನೇ ಸಲ ಅವರು ಫೋನು ಬಿಟ್ಟು ನನ್ನನ್ನೇ ನೋಡಿದರು.

“ನಾ ಏನರ ಅಂದ ಕೂಡ್ಲೆ ನಿಮ್ಮ ಎಡಗೈ ಏನೋ ಒತ್ತತೈತಿ ನೋಡ್ರಿ. ಆಮ್ಯಾಲ ಇದು ನನ್ನ ಮರೀತೈತಿ.”

ನಿಜ. “ಕಿಲೋ ಅಲ್ಲ, ಕ್ವಿಂಟಲ್” ಎಂದರೆ ತಿದ್ದಿ ಸೇವ್. “ಲವಂಗ ಮ್ಯಾಲ ಬರಲಿ” ಎಂದರೆ ತಿದ್ದಿ ಸೇವ್. ನನ್ನ ಚುರುಕುತನ ಅವರಿಗೆ ಕಾಣಬೇಡವೇ?

ಮೊದಲೆಲ್ಲ ಕೋಡ್‌ನಲ್ಲಿ ಒಂದು ಸಾಲು ಬದಲಿಸಿದರೂ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಅಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಈಗ ಆಟೋ ರೀಲೋಡ್. ಸೇವ್ ಒತ್ತಿದರೆ ಸಾಕು, ಸರ್ವರ್ ಹೊಸ ಕೋಡ್ ಹಿಡಿದುಕೊಂಡು ತಾನೇ ಏಳುತ್ತದೆ. ಆದರೆ ಎದ್ದಾಗ ಯಾರು ಏನು ಬರೆಯುತ್ತಿದ್ದರು ಎಂಬುದು ಅದಕ್ಕೆ ನೆನಪಿರುವುದಿಲ್ಲ. ಒಬ್ಬಳೇ ಕೂತು ಕೆಲಸ ಮಾಡುವವಳಿಗೆ ಇದು ಯಾವಾಗ ಗೊತ್ತಾಗಬೇಕು?

“ತಿದ್ರಿ, ಬ್ಯಾಡ ಅನ್ನಂಗಿಲ್ಲ. ನಂದೊಮ್ಮೆ ಮುಗೀಲಿ.”

ಕೈ ಕಟ್ಟಿ ಕೂತೆ. ಭಾಳ ಕಷ್ಟವಾಯಿತು. ಪಟ್ಟಿ ಮುಗಿಯಿತು, ಆರ್ಡರ್ ಹೋಯಿತು. “ಸೋಮವಾರದಿಂದ ಹಚ್ಚೂಣು” ಎಂದರು. ಗೆದ್ದೆನೋ, ಸಿಕ್ಕಿಬಿದ್ದೆನೋ ಇನ್ನೂ ಗೊತ್ತಾಗಿಲ್ಲ.

ಮನೆಗೆ ಬಂದರೆ ಅವ್ವ ತನ್ನ ಸರ್ಕಾರಿ ನೌಕರಿಯ ಮೊದಲ ದಿನದ ಕಥೆ ತೆಗೆದಳು. “ಜೀಡಿಮೆಟ್ಲಾ ಬಸ್ ಹತ್ತೀನಿ, ಕೈಯಾಗ ಆರ್ಡರ್ ಕಾಗದ...”

“ಹ್ವಾದ ಸಲ ಶಂಶಾಬಾದ್ ಬಸ್ ಅಂದಿದ್ದಿ” ಎಂದೆ.

ಅವ್ವನ ಕಥೆ ಅಲ್ಲೇ ನಿಂತಿತು. “ನಾ ಏನ್ ಹೇಳಾಕತ್ತಿದ್ದೆ?”

ಎಷ್ಟು ಕಥೆಗಳನ್ನು ಹೀಗೆ ನಡುವೆ ತಿದ್ದಿ ಅಳಿಸಿದ್ದೇನೋ!

ಕೈಯನ್ನಾದರೂ ಕಟ್ಟಿ ಕೂರಿಸಬಹುದು. ಬಾಯಿಗೆ ಏನು ಮಾಡಲಿ, ನೀವೇ ಹೇಳಿ?