ಅಟೆಂಡೆನ್ಸ್ ಹೋಗುತ್ತೆ ಎಂದವಳು

"ಅಟೆಂಡೆನ್ಸ್ ಹೋಗುತ್ತೆ, ಸುಮ್ನೆ ಇರು ಅಲ್ಲೇ" ಅಂತ ಹೇಳಿದವಳು ನಾನೇ, ಬೇರೆ ಯಾರೂ ಅಲ್ಲ. ಈ ಯುದ್ಧ ಹೇಗೆ ಶುರುವಾಯಿತು ಅಂತ ಟೀವಿಯಲ್ಲಿ ದೊಡ್ಡವರೆಲ್ಲ ನಕ್ಷೆ ಇಟ್ಟುಕೊಂಡು ವಿವರಿಸುವಾಗ ನನಗೆ ಆ ಮಾತು ನೆನಪಾಗಿ ಮುಖ ಬಿಸಿಯಾಗುತ್ತದೆ. ಅವರ ಯುದ್ಧ ಗಡಿಯಲ್ಲಿ ಟ್ಯಾಂಕುಗಳು ಸಾಲುಗಟ್ಟಿದ ಕಡೆಯಿಂದ ಶುರುವಾಗುತ್ತದೆ. ನನ್ನದು ಶುರುವಾಗಿದ್ದು ಸ್ವೀಡನ್ನಿನ ಸೋಲ್ನಾದ ನಮ್ಮ ಅಡುಗೆಮನೆಯಲ್ಲಿ. ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಸಾರಿಗೆ ಒಗ್ಗರಣೆ ಹಾಕುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದೆ.

ಫೋನಿನ ಆ ಕಡೆ ಇದ್ದವಳು ನನ್ನ ಅಕ್ಕನ ಮಗಳು. ಉಕ್ರೇನಿನ ಖಾರ್ಕಿವ್ ನಗರದಲ್ಲಿ ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದಳು. ಇಲ್ಲಿ ಸೀಟು ಸಿಗದೆ ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿಗೆ ಹೋದಂತೆ ಇವಳೂ ಹೋಗಿದ್ದಳು. ತುಮಕೂರಿನಲ್ಲಿ ಹೈಸ್ಕೂಲ್ ಟೀಚರಾಗಿರುವ ಅಕ್ಕ ಅವಳನ್ನು ಕಳಿಸುವ ಮುಂಚೆ ಮ್ಯಾಪ್ ನೋಡಿ, ನಿನ್ನ ಪಕ್ಕದಲ್ಲೇ ಇದೆಯಲ್ಲೇ, ನೀನೇ ನೋಡ್ಕೋಬೇಕು ಅಂದಿದ್ದಳು. ಪಕ್ಕ ಅಂದರೆ ನಡುವೆ ಒಂದು ಸಮುದ್ರ, ಎರಡು ಮೂರು ದೇಶ. ಆದರೂ ಒಪ್ಪಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರು ಏನೇ ಮಾಡಲಿ, ಮೊದಲು ನನ್ನನ್ನು ಒಂದು ಮಾತು ಕೇಳಬೇಕು. ನಾನು ಡಾಕ್ಟರೇಟ್ ಮಾಡಿದ್ದು ಬೆರಳುದ್ದದ ಮೀನಿನ ಹೃದಯದ ಮೇಲೆ. ಈಗಲೂ ಇಲ್ಲಿನ ಲ್ಯಾಬಿನಲ್ಲಿ ಅದೇ ಮೀನುಗಳ ಜೊತೆ ದಿನ ಕಳೆಯುತ್ತೇನೆ. ಮೀನಿನ ಹೃದಯ ಬಲ್ಲವಳಿಗೆ ಮದುವೆ ಛತ್ರ, ಮಂಡಿನೋವು, ಮನೆಯ ಪಾಯ ಎಲ್ಲವೂ ಗೊತ್ತಿರುತ್ತದೆ ಅಂತ ನಮ್ಮವರ ನಂಬಿಕೆ. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತ್ತು, ಸುಳ್ಳೇಕೆ ಹೇಳಲಿ.

ಆವತ್ತು ಅವಳು ಕೇಳಿದ್ದು ಸಣ್ಣ ವಿಷಯ. ಗಡಿಯಾಚೆ ಸೈನ್ಯ ಬಂದು ಕೂತಿದೆ ಅಂತ ಎಲ್ಲರೂ ಮಾತಾಡುತ್ತಿದ್ದಾರೆ, ಒಂದೆರಡು ವಾರ ನಿಮ್ಮ ಮನೆಗೆ ಬಂದಿರಲಾ, ವೀಸಾಕ್ಕೆ ಆಹ್ವಾನದ ಫಾರ್ಮ್ ಕಳಿಸುತ್ತೀರಾ ಅಂದಳು. ಆ ಫಾರ್ಮ್ ತುಂಬುವುದು ಹತ್ತು ನಿಮಿಷದ ಕೆಲಸ. ನಾನು ತುಂಬಲಿಲ್ಲ. ಅವಳ ಕಾಲೇಜಿನಲ್ಲಿ ತಪ್ಪಿಸಿಕೊಂಡ ಪ್ರತಿ ಕ್ಲಾಸನ್ನೂ ಆಮೇಲೆ ಒಂದೊಂದಾಗಿ ಮೇಷ್ಟರ ಮುಂದೆ ಕೂತು ಒಪ್ಪಿಸಬೇಕು ಅಂತ ಅವಳೇ ಹಿಂದೆ ಗೋಳಾಡಿದ್ದಳು. ಅದನ್ನೇ ಅವಳಿಗೆ ತಿರುಗಿಸಿ ಹೇಳಿದೆ. ಎರಡು ವಾರದ ಕ್ಲಾಸ್ ಯಾರು ಒಪ್ಪಿಸುತ್ತಾರೆ? ಸೈನ್ಯ ಬಂದು ನಿಲ್ಲುವುದು ಹೆದರಿಸುವುದಕ್ಕೆ, ಈ ಕಾಲದಲ್ಲಿ ಯಾರೂ ಹಾಗೆ ನುಗ್ಗುವುದಿಲ್ಲ. ಜೂನ್‌ನಲ್ಲಿ ಬಾ, ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ. ಅವಳು ಸರಿ ಚಿಕ್ಕಮ್ಮ ಅಂದಳು. ನಾನು ಕರಿಬೇವು ಹಾಕಿ ಒಲೆ ಆರಿಸಿದೆ.

ನಮ್ಮ ಲ್ಯಾಬಿನಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು, ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವವರು, ಇಲ್ಲಿಯವರೇ. ಆ ವಾರ ಫಿಕಾಗೆ, ಅಂದರೆ ಇಲ್ಲಿಯ ಕಾಫಿ ವಿರಾಮಕ್ಕೆ, ಕೂತಾಗ, ಮನೆಗೆ ನೀರಿನ ಕ್ಯಾನು, ಬ್ಯಾಟರಿ ರೇಡಿಯೋ ತಂದಿಟ್ಟೆ ಅಂದರು. ನಾನು ಚೆನ್ನಾಗಿ ಅವರ ಕಾಲೆಳೆದೆ. ಕಾಫಿ ಫಿಲ್ಟರೂ ಬ್ಯಾಟರಿಯದ್ದೇ ತಗೊಂಡ್ರಾ ಅಂತ ಕೇಳಿದೆ. ಅವರು ನಗುತ್ತಾ ದಾಲ್ಚಿನ್ನಿ ಬನ್ನಿನ ತಟ್ಟೆ ನನ್ನ ಕಡೆ ತಳ್ಳಿದರು, ಅಷ್ಟೆ.

ಫೆಬ್ರವರಿಯ ಆ ಗುರುವಾರ ಬೆಳಿಗ್ಗೆ ಆರೂವರೆಗೆ ಮಗನ ಡಬ್ಬಿ ಕಟ್ಟುತ್ತಿದ್ದೆ. ಅಕ್ಕನ ಫೋನ್ ಬಂತು. ಅವಳ ಫೋನ್ ಬಂತೇನೇ ಅಂದಳು, ಯಾರ ಫೋನ್ ಅಂತ ಕೇಳಿದೆ. ಆಮೇಲೆ ಗೊತ್ತಾಯಿತು. ಬೆಳಗಿನ ಜಾವ ಖಾರ್ಕಿವ್ ಮೇಲೆ ಬಾಂಬು ಬಿದ್ದಿದೆ, ಗಡಿ ದಾಟಿ ಟ್ಯಾಂಕುಗಳು ಬರುತ್ತಿವೆ, ಆ ಊರು ಗಡಿಗೆ ಅಂಟಿಕೊಂಡೇ ಇದೆ. ಅಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. ನೀನೇ ಬೇಡ ಅಂದೆಯಲ್ಲ ಅಂತ ಅಂದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಈಗೇನು ಮಾಡಬೇಕು ಹೇಳು ಅಂತ ಆವತ್ತೂ ನನ್ನನ್ನೇ ಕೇಳಿದಳು.

ಹುಡುಗಿಯರೆಲ್ಲ ಹಾಸ್ಟೆಲಿನ ನೆಲಮಾಳಿಗೆಗೆ ಇಳಿದಿದ್ದರು. ಚಾರ್ಜ್ ಉಳಿಸಲು ಫೋನನ್ನು ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ ಮಾತ್ರ ಆನ್ ಮಾಡುತ್ತಿದ್ದರು. ಅದರಲ್ಲಿ ಮೊದಲು ಅಮ್ಮನಿಗೆ, ಆಮೇಲೆ ನನಗೆ. ಬಿಸಿನೀರಿನ ಪೈಪುಗಳ ಕೆಳಗೆ ರಗ್ಗು ಹಾಸಿಕೊಂಡು ಮಲಗುತ್ತೇವೆ ಅಂದಳು. ಅವಲಕ್ಕಿ ಇದೆ, ಚಟ್ನಿಪುಡಿ ಇದೆ, ನೀರು ಕಮ್ಮಿ. ಮೇಲೆ ಏನೋ ಬಿದ್ದಾಗ ಗೋಡೆಯ ಸುಣ್ಣ ಉದುರುತ್ತದೆ. ಮೊದಮೊದಲು ಎಲ್ಲರೂ ಕಿರುಚುತ್ತಿದ್ದರು, ಮೂರನೇ ದಿನಕ್ಕೆ ಯಾರೂ ಕಿರುಚಲಿಲ್ಲ ಅಂದಳು.

ನಾನು ಲ್ಯಾಬಿಗೆ ಹೋಗುತ್ತಿದ್ದೆ. ಮೈಕ್ರೋಸ್ಕೋಪಿನಡಿ ಮೀನಿನ ಹೃದಯ ಬಡಿಯುವುದನ್ನು ಎಣಿಸಬೇಕು, ಎಣಿಕೆ ತಪ್ಪುತ್ತಿತ್ತು. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಿದ್ದೆ. ರಾಯಭಾರ ಕಚೇರಿಗೆ ಮೇಲ್ ಹಾಕಿದೆ, ಪೋಲೆಂಡಿನಲ್ಲಿರುವ ಕನ್ನಡದವರ ಗುಂಪು ಹುಡುಕಿ ಮೆಸೇಜ್ ಮಾಡಿದೆ. ನಾನು ಮಾಡಿದ್ದರಿಂದ ಏನಾದರೂ ಆಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ನಾಲ್ಕನೇ ದಿನ ಮಾತಿನ ಮಧ್ಯೆ ಅವಳ ರೂಮ್‌ಮೇಟ್ ಫೋನ್ ಇಸಿದುಕೊಂಡಳು. ವಿಜಯಪುರದ ಹುಡುಗಿ. ಹಿಂದೆ ಒಂದೆರಡು ಸಲ ವೀಡಿಯೋದಲ್ಲಿ ಹಲ್ಲು ಬಿಟ್ಟು ನಮಸ್ಕಾರ ಹೇಳಿದ್ದಳು, ಅಷ್ಟೇ ಪರಿಚಯ. ಆವತ್ತು ಅವಳ ದನಿ ಬೇರೆಯೇ ಇತ್ತು.

"ಆಂಟಿ, ನೀವು ಭಾಳ ಓದೀರಿ. ಇದು ಯಾವಾಗ ಮುಗೀತದ ಹೇಳ್ರಿ."

ನನಗೇನು ಗೊತ್ತು? ಗೊತ್ತಿಲ್ಲ ಅನ್ನಬಹುದಿತ್ತು. ಅಭ್ಯಾಸಬಲ ನೋಡಿ, ಬಾಯಿ ತಾನಾಗಿ ತೆರೆದುಕೊಂಡಿತು. ಇನ್ನೆರಡು ದಿನ ಪುಟ್ಟಾ, ಮಾತುಕತೆ ಶುರುವಾಗಿದೆ, ಧೈರ್ಯವಾಗಿರು ಅಂದೆ. ಆಕೆ ಆಯ್ತ್ರೀ ಅಂದಳು.

ಎರಡು ದಿನದಲ್ಲಿ ಮುಗಿಯಲಿಲ್ಲ. ಅದರ ಬದಲು, ಕೂಡಲೇ ಊರು ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹೊರಡಿ ಅಂತ ವಿದ್ಯಾರ್ಥಿಗಳಿಗೆ ಸೂಚನೆ ಬಂತು. ಒಂದಿಡೀ ದಿನ ಅವಳ ಫೋನ್ ಸತ್ತಿತ್ತು. ಆ ದಿನದ ಬಗ್ಗೆ ನಾನು ಏನೂ ಬರೆಯಲಾರೆ. ಅಕ್ಕ ತುಮಕೂರಿನಿಂದ ವೀಡಿಯೋ ಕಾಲ್ ಮಾಡಿ ನನ್ನ ಎದುರು ಕೂತಿದ್ದಳು. ನಾನೂ ಕೂತಿದ್ದೆ. ನನ್ನ ಗಂಡ ಆಗಾಗ ಬಂದು ಟೀ ಇಟ್ಟು ಹೋಗುತ್ತಿದ್ದರು.

ಮಾರನೆಯ ಮಧ್ಯಾಹ್ನ ರೈಲಿನಿಂದ ಫೋನ್ ಬಂತು. ಹಿಮದಲ್ಲಿ ಗಂಟೆಗಟ್ಟಲೆ ನಡೆದಿದ್ದರಂತೆ. ಸ್ಟೇಷನ್ನಿನಲ್ಲಿ ಮೊದಲು ತಾಯಂದಿರನ್ನು, ಮಕ್ಕಳನ್ನು ಹತ್ತಿಸುತ್ತಿದ್ದರಂತೆ, ಇವರು ಎರಡು ರೈಲು ಬಿಟ್ಟು ಮೂರನೆಯದಕ್ಕೆ ಹೇಗೋ ತೂರಿಕೊಂಡು ಪಶ್ಚಿಮದ ಗಡಿಯ ಕಡೆ ಹೊರಟಿದ್ದರು. ರೂಮ್‌ಮೇಟ್ ಜೊತೆಗೇ ಇದ್ದಾಳಾ ಅಂದೆ. ಇದ್ದಾಳೆ, ಕಿವಿನೋವು ಅಂತ ಅಳುತ್ತಿದ್ದಾಳೆ ಅಂದಳು. ಚಳಿಗೆ ಇರಬೇಕು, ಹತ್ತಿ ಇಟ್ಟುಕೊಳ್ಳೋಕೆ ಹೇಳು ಅಂದೆ. ಇವಳು ಹೂಂ ಅಂದಳು.

ಪೋಲೆಂಡ್ ಮುಟ್ಟಿದರು, ಅಲ್ಲಿಂದ ವಿಮಾನದಲ್ಲಿ ದೆಹಲಿ, ಆಮೇಲೆ ಬೆಂಗಳೂರು. ಅಕ್ಕ ಮಗಳನ್ನು ಹಿಡಿದುಕೊಂಡು ನಿಂತ ಫೋಟೋ ಬಂದ ದಿನ ನಾನು ಲ್ಯಾಬಿನಲ್ಲಿ ಎಲ್ಲರಿಗೂ ಕೇಸರಿಬಾತ್ ಹಂಚಿದೆ. ನಮ್ಮ ಹುಡುಗಿ ಬಂದಳು, ನನ್ನ ತಲೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ. ನನ್ನ ಪಾಲಿಗೆ ಯುದ್ಧ ಆವತ್ತೇ ಮುಗಿದುಹೋಗಿತ್ತು. ಎಂಥ ಸ್ವಾರ್ಥ ನೋಡಿ.

ಅಲ್ಲಿಯವರಿಗೆ ಮುಗಿಯಲಿಲ್ಲ. ಕೆಲವೇ ದಿನದ ಕಥೆ ಅಂತ ಬಲ್ಲವರೆಲ್ಲ ಹೇಳಿದ್ದರು. ಒಂದು ಚಳಿಗಾಲ ಹೋಯಿತು, ಇನ್ನೊಂದು ಹೋಯಿತು, ಮತ್ತೊಂದು ಬಂತು. ಟ್ಯಾಂಕು ಹಿಂದೆ ಸರಿದು, ಜನ ಹಳೇ ಕಾಲದವರ ಹಾಗೆ ಕಂದಕ ತೋಡಿಕೊಂಡು ಕೂತರು, ತಲೆಯ ಮೇಲೆ ಡ್ರೋನುಗಳು ಸುತ್ತತೊಡಗಿದವು. ಒಂದು ಹೊಲಕ್ಕಾಗಿ ತಿಂಗಳುಗಟ್ಟಲೆ ಸಾಯುತ್ತಿದ್ದರು. ಊರುಗಳ ಕರೆಂಟು ಹೋಗುವಂತೆ ವಿದ್ಯುತ್ ಕೇಂದ್ರಗಳ ಮೇಲೇ ಗುರಿ ಇಟ್ಟು ಹೊಡೆದರು. ನನ್ನ ಫೋನಿನಲ್ಲಿ ಆ ಸುದ್ದಿ ದಿನೇ ದಿನೇ ಕೆಳಗೆ ಕೆಳಗೆ ಇಳಿಯಿತು. ಸ್ವೀಡನ್ ಮಾತ್ರ ಮರೆಯಲಿಲ್ಲ. ತಲೆಮಾರುಗಳಿಂದ ಯಾರ ಗೊಡವೆಯೂ ಬೇಡ ಅಂತಿದ್ದ ದೇಶ ಹೋಗಿ ಮಿಲಿಟರಿ ಕೂಟ ಸೇರಿತು. ಯುದ್ಧ ಬಂದರೆ ಏನು ಮಾಡಬೇಕು ಅಂತ ಒಂದು ಪುಸ್ತಿಕೆ ನಮ್ಮ ಬಾಗಿಲಿಗೂ ಬಂತು. ನಾನು ಹೋಗಿ ನೀರಿನ ಕ್ಯಾನು ತಂದೆ. ಲ್ಯಾಬಿನ ಆ ಹಿರಿಯರಿಗೆ ಹೇಳಿದಾಗ ಅವರು ನನ್ನ ಕಾಲೆಳೆಯಲಿಲ್ಲ, ಯಾವ ಸೈಜಿನದು ತಗೊಂಡೆ ಅಂತ ಮಾತ್ರ ಕೇಳಿದರು.

ಅಕ್ಕನ ಮಗಳು ಜಾರ್ಜಿಯಾಕ್ಕೆ ಹೋಗಿ ಓದು ಮುಂದುವರಿಸಿದಳು, ರೂಮ್‌ಮೇಟ್ ಕೂಡ ಅಲ್ಲೇ. ಕೊನೆಯ ಪರೀಕ್ಷೆ ಮುಗಿಸಿ ಹೋದ ಬೇಸಿಗೆಯಲ್ಲಿ ಇವಳು ನಮ್ಮ ಮನೆಗೆ ಬಂದಳು. ಈ ಸಲ ಕೇಳುವ ಮುಂಚೆಯೇ ಫಾರ್ಮ್ ತುಂಬಿ ಕಳಿಸಿದ್ದೆ. ರೂಮ್‌ಮೇಟನ್ನೂ ಕರೆದುಕೊಂಡು ಬಾ ಅಂದಿದ್ದೆ, ಅವಳಿಗೆ ಆಗಲ್ಲ ಅಂತ ಚುಟುಕಾಗಿ ಉತ್ತರ ಬಂದಿತ್ತು.

ಅಕ್ಕನ ಮಗಳು ಬಂದ ಮರುದಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಕೆಳಗಿನ ಸೈಕಲ್ ಕೋಣೆ ಅಸಲಿಗೆ ಯುದ್ಧಕಾಲದ ಆಶ್ರಯಕೋಣೆ. ಅದರ ಪರೀಕ್ಷೆಗೆ ಜನ ಬರುತ್ತಾರೆ, ಎಲ್ಲರೂ ತಮ್ಮ ಸೈಕಲ್ ತೆಗೆಯಬೇಕು ಅಂತಿತ್ತು. ವರ್ಷಗಟ್ಟಲೆ ಆ ಕೋಣೆಗೆ ಹೋಗಿ ಬಂದಿದ್ದೇನೆ, ಅಷ್ಟು ದಪ್ಪದ ಕಬ್ಬಿಣದ ಬಾಗಿಲು ಯಾಕೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಮಗನ ಸೈಕಲ್ ತರೋಣ ಅಂತ ಹೊರಟೆ, ಅವಳೂ ಜೊತೆಗೆ ಬಂದಳು.

ಒಳಗೆ ಕಾಲಿಟ್ಟವಳೇ ಅವಳು ಬೇರೆಯಾದಳು. ಮೇಲಿನ ಪೈಪುಗಳನ್ನು ನೋಡಿದಳು. ಗೋಡೆ ತಟ್ಟಿ ನೋಡಿದಳು. ನೀರಿನ ಕ್ಯಾನು ಈ ಮೂಲೆಗೆ ಇಡಿ ಅಂದಳು. ಕಕ್ಕಸಿನ ಬಕೆಟ್ಟಿಗೆ ಆ ಮೂಲೆ, ಸುತ್ತ ಒಂದು ಬೆಡ್‌ಶೀಟ್ ಕಟ್ಟಬೇಕು, ಇಲ್ಲದಿದ್ದರೆ ಹೆಂಗಸರು ನಾಚಿಕೆಗೆ ನೀರೇ ಕುಡಿಯಲ್ಲ. ಬಾಗಿಲ ಹತ್ತಿರ ಯಾರನ್ನೂ ಮಲಗಿಸಬೇಡಿ. ಮನೆಗೆ ಸಾಮಾನು ಜೋಡಿಸುವವರ ಹಾಗೆ ಹೇಳುತ್ತಾ ಹೋದಳು. ನನಗೆ ತಡೆಯಲಾಗಲಿಲ್ಲ. ಸೈಕಲ್ ಗೋಡೆಗೆ ಒರಗಿಸಿ, ನನ್ನದು ತಪ್ಪಾಯಿತು ಕಣೇ, ಆವತ್ತು ನಿನ್ನನ್ನು ಕರೆಸಿಕೊಳ್ಳಬೇಕಿತ್ತು ಅಂದೆ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು. ಹೇಳುತ್ತಾ ಅತ್ತುಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡಳು. ನಂದು ಬಿಡಿ ಚಿಕ್ಕಮ್ಮ, ವೀಸಾ ಆವತ್ತು ಬರ್ತಿತ್ತೋ ಇಲ್ವೋ ಅಂದಳು. ಆಮೇಲೆ ರೂಮ್‌ಮೇಟಿನ ಮಾತು ತೆಗೆದಳು.

"ಅವಳು ಟಿಕೆಟ್ ಬುಕ್ ಮಾಡಿದ್ಲು ಚಿಕ್ಕಮ್ಮ, ಊರಿಗೆ. ನಮ್ಮ ಚಿಕ್ಕಮ್ಮ ಸ್ವೀಡನ್‌ನಲ್ಲಿ ಸೈಂಟಿಸ್ಟು, ಏನೂ ಆಗಲ್ಲ ಅಂದ್ರು, ಅಟೆಂಡೆನ್ಸ್ ಹೋಗುತ್ತೆ ಅಂದ್ರು ಅಂತ ನಾನೇ ಹೇಳ್ದೆ. ಕ್ಯಾನ್ಸಲ್ ಮಾಡಿದ್ಲು."

ಊರು ಬಿಡುವ ಹಿಂದಿನ ದಿನ ಆ ಹುಡುಗಿ ನೀರಿಗೆ ಅಂತ ಹೊರಗೆ ಹೋಗಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಬೀದಿಗೆ ಶೆಲ್ ಬಿದ್ದಿತಂತೆ. ಮೈಗೆ ಒಂದು ಗೀರೂ ಇಲ್ಲ. ಎಡಗಿವಿ ಹೋಯಿತು. ಎರಡು ಆಪರೇಷನ್ ಆದರೂ ವಾಪಸ್ ಬರಲಿಲ್ಲ. ಅಂದಿನಿಂದ ಕ್ಲಾಸಿನಲ್ಲೂ ಬಸ್ಸಿನಲ್ಲೂ ಎಡಗಡೆ ಗೋಡೆ ಇರುವ ಜಾಗ ಹುಡುಕಿ ಕೂರುತ್ತಾಳಂತೆ. ಸ್ಟೆಥಸ್ಕೋಪಿನಲ್ಲಿ ಎದೆಬಡಿತ ಸರಿಯಾಗಿ ಕೇಳದೆ, ದನಿ ದೊಡ್ಡದು ಮಾಡುವ ಬೇರೆ ತರಹದ್ದು ಇಟ್ಟುಕೊಂಡಿದ್ದಾಳಂತೆ. ಆಂಟಿಗೆ ಹೇಳಬ್ಯಾಡ, ಸುಮ್ನೆ ನೊಂದ್ಕೋತಾರ ಅಂತ ಇವಳಿಂದ ಆಣೆ ಹಾಕಿಸಿಕೊಂಡಿದ್ದಳಂತೆ.

ಹತ್ತಿ ಇಟ್ಟುಕೊಳ್ಳೋಕೆ ಹೇಳು ಅಂದಿದ್ದೆ ನಾನು.

ಸೈಕಲನ್ನು ಅಲ್ಲೇ ಬಿಟ್ಟು ಮೇಲೆ ಬಂದೆ. ಸೋಫಾದಲ್ಲಿ ಕೂತು ಆ ಹುಡುಗಿಯ ನಂಬರ್ ಕೇಳಿದೆ. ಇವತ್ತೇ ಬೇಡ ಚಿಕ್ಕಮ್ಮ, ಸ್ವಲ್ಪ ಸುಧಾರಿಸ್ಕೊಳ್ಳಿ ಅಂದಳು ಅಕ್ಕನ ಮಗಳು. ಇವತ್ತೇ ಬೇಕು ಅಂದೆ. ಏನು ಹೇಳಬೇಕು ಅಂತ ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡೆ. ರಿಂಗಾಯಿತು. ಆ ಕಡೆಯಿಂದ ಹಲೋ ಅಂದಳು, ಅದೇ ದನಿ. ನಾನು ಯಾರು ಅಂತ ಹೇಳಿ, ಪುಟ್ಟಾ, ನನ್ನಿಂದ ತಪ್ಪಾಯಿತು ಅಂತ ಹೇಳಿಯೂಬಿಟ್ಟೆ.

"ಯಾರು? ತಡೀರಿ, ಒಂದ್ ನಿಮಿಷ. ಬರಕೋತ ಕೂತಿದ್ದೆ, ಹಳೇ ಚಟ ನೋಡ್ರಿ, ಫೋನು ಎಡಗಿವಿಗೇ ಹಿಡಿದೀನಿ." ಏನೋ ಸರಿದ ಸದ್ದು. "ಹಾಂ, ಈಗ ಹೇಳ್ರಿ."

ನಾನು ಮತ್ತೆ ಮೊದಲಿನಿಂದ ಹೇಳಿದೆ.