ಯಲ್ಲಾರಿಯ ಹೆಸರಿಟ್ಟು ಹಾಡಿದ ಶೆಟ್ಟೆವ್ವ

ಮೂಡಲಗಿಯ ಶೆಟ್ಟೆವ್ವನ ಕಥೆ ಹೇಳಲೇಬೇಕು. ಓಣಿಯಲ್ಲಿ ಕೊಲೆಯಾದಾಗ ಎಲ್ಲರೂ ಬಾಯಿ ಹೊಲಿದುಕೊಂಡು ಕೂತರು. ಕೊಂದವನ ಹೆಸರು ಹಿಡಿದು ಹಾಡಿದವಳು ಆಕೆಯೊಬ್ಬಳೇ. ಅದೂ ಅರವತ್ತು ದಾಟಿದ ಮೇಲೆ.

ಗೀಗಿ ಪದ ಎಂದರೆ ಶೆಟ್ಟೆವ್ವ ಎನ್ನುವ ಕಾಲವೊಂದಿತ್ತು. ಪದ ಕಟ್ಟುವವಳೂ ಆಕೆ, ಹಾಡುವವಳೂ ಆಕೆ. ಗೋಕಾಕದಿಂದ ಹುಕ್ಕೇರಿಯವರೆಗೆ ಟೆಂಪೋದಲ್ಲಿ, ಚಹಾದಂಗಡಿಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಆಕೆಯದೇ ಕ್ಯಾಸೆಟ್ಟು. ಹಿಂದೆ ನಿಂತು ಸೊಲ್ಲು ಎತ್ತುವವಳು ಯಮನವ್ವ. ದಪ್ಪು ಬಾರಿಸುವವನು ಯಮನವ್ವನ ಗಂಡ ಯಲ್ಲಾರಿ.

ಯಲ್ಲಾರಿಗೆ ಮ್ಯಾಳದಲ್ಲಿ ಇನ್ನೊಂದು ಕೆಲಸವಿತ್ತು. ಎರಡು ಮ್ಯಾಳಗಳ ಸವಾಲ್-ಜವಾಬಿನ ಹಾಡಿನಲ್ಲಿ ಎದುರಿನವರು ಕಥೆಯ ಒಂದು ಮಾತು ತಪ್ಪಿದರೂ ಸಾಕು, ದಪ್ಪಿಗೆ ಫಟ್ಟನೆ ಬಾರಿಸಿ "ತಪ್ಪ!" ಎಂದು ಕೂಗುತ್ತಿದ್ದ. ಸರಿಯಾದದ್ದನ್ನು ಅಲ್ಲೇ ಹೇಳುತ್ತಿದ್ದ. ಜನ ಸೀಟಿ ಹೊಡೆಯುತ್ತಿದ್ದರು. ನಾಗನೂರಿನಲ್ಲಿ ಒಬ್ಬ ಹಾಡುಗಾರ ತನ್ನ ತಪ್ಪು ಒಪ್ಪಲಿಲ್ಲ. ಯಲ್ಲಾರಿ ಕಟ್ಟೆಯಿಂದ ಜಿಗಿದು ಅವನ ದವಡೆ ಮುರಿದ. ಕಲ್ಲು ತೂರಾಟವಾಗಿ ಶೆಟ್ಟೆವ್ವನ ಹಣೆಯೂ ಒಡೆಯಿತು.

"ಹಾಡಿಗೆ ಹಾಡ ಕೊಡಬೇಕಲೇ. ದವಡಿಗೆ ಕೈ ಹಾಕ್ತಾರೇನ?" ಎಂದು ರಕ್ತ ಒರೆಸಿಕೊಳ್ಳುತ್ತ ಬೈದಳು.

"ಸುಳ್ಳ ಕೇಳಿದ್ರ ನನ್ನ ಕಿವಿ ತಡಿಯಂಗಿಲ್ಲಕ್ಕಾ" ಎಂದು ಅವನು ನಕ್ಕ.

ಆ ಕೈ ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಯಮನವ್ವ ಎಷ್ಟೋ ಸಲ ಬಾತ ಕೆನ್ನೆಯ ಮೇಲೆ ಸೆರಗು ಎಳೆದುಕೊಂಡೇ ಹಾಡಲು ನಿಲ್ಲುತ್ತಿದ್ದಳು. "ದಪ್ಪಿಗೆ ಬಡದ್ರ ಮಂದಿ ರೊಕ್ಕ ಕೊಡ್ತಾರ. ನನಗ ಬಡದದ್ದು ಬರೇ ಫುಕಟ್ ನೋಡಕ್ಕಾ" ಎನ್ನುತ್ತಿದ್ದಳು. ನಕ್ಕರೆ ಒಡೆದ ತುಟಿಯಿಂದ ರಕ್ತ ಜಿನುಗುತ್ತಿತ್ತು.

ತೊಂಬತ್ತೇಳರ ಬೇಸಿಗೆಯ ಒಂದು ಮಧ್ಯಾಹ್ನ ಬಾಜೂ ಇದ್ದ ಯಮನವ್ವನ ಮನೆಯಿಂದ ಚೀರಾಟ ಕೇಳಿತು. ಶೆಟ್ಟೆವ್ವ ಓಡಿದಳು. ಯಮನವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಅಂಗಾತ ಬಿದ್ದಿದ್ದಳು. ತಲೆ ಒಡೆದು ರಕ್ತ ಒಲೆಯವರೆಗೆ ಹರಿದಿತ್ತು. ಪಕ್ಕದಲ್ಲಿ ಒನಕೆ ಉರುಳಿತ್ತು. ಯಲ್ಲಾರಿ ಗೋಡೆಗೆ ಆತು ಏದುಸಿರು ಬಿಡುತ್ತಿದ್ದ. ಶೆಟ್ಟೆವ್ವ ಬಾಗಿ ಆಕೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡದ್ದೇ ತಡ, ಅವನು ಈಕೆಯ ಬಾಯಿಗೆ ಒದ್ದ. ಮುಂದಿನ ಎರಡು ಹಲ್ಲು ಕಿತ್ತು ಯಮನವ್ವನ ಸೀರೆಯ ಮೇಲೆ ಬಿದ್ದವು.

ಅಟ್ಟದಿಂದ ಬಿದ್ದು ಸತ್ತಳು ಎಂದು ಯಲ್ಲಾರಿ ಠಾಣೆಯಲ್ಲಿ ಬರೆಸಿದ. ಅವನ ಅಣ್ಣತಮ್ಮಂದಿರು ಹೌದೆಂದರು. ಓಣಿಯೂ ಹೌದೆಂದಿತು.

"ಹೊಡಿಯೂದ ನೋಡೀಯೇನ?" ಎಂದು ದೂರು ಕೊಡಲು ಹೋದ ಶೆಟ್ಟೆವ್ವನನ್ನು ಫೌಜದಾರ ಕೇಳಿದ.

"ಹೆಣ ನೋಡೇನ್ರಿ. ಅವನ್ನ ನೋಡೇನ್ರಿ."

"ಅದು ಸಾಲಂಗಿಲ್ಲ. ಪದ ಕಟ್ಟಿದಂಗ ಕೇಸ ಕಟ್ಟಾಕ ಬಂದೀಯೇನ? ಹೋಗ."

ಮ್ಯಾಳ ಮುರಿಯಿತು. ಶೆಟ್ಟೆವ್ವ ಹಾಡುವುದನ್ನೇ ಬಿಟ್ಟಳು. ಅಷ್ಟರಲ್ಲಿ ಸಿನಿಮಾ ಧಾಟಿಯ ಹೊಸ ಕ್ಯಾಸೆಟ್ಟು ಬಂದು ಜನ ಆಕೆಯನ್ನು ಮರೆತರು. ಯಲ್ಲಾರಿ ಮಾತ್ರ ದಿನಾ ಅದೇ ಓಣಿಯಲ್ಲಿ ಮೀಸೆ ತಿರುವುತ್ತ ಓಡಾಡಿದ. ಅದನ್ನು ನೋಡಿ ನೋಡಿ ಆಕೆಯ ಹೊಟ್ಟೆಯಲ್ಲಿ ಒಂದು ಪದ ಬಲಿಯಿತು.

ಎರಡು ಸಾವಿರದ ಒಂದರಲ್ಲಿ ಅದನ್ನು ಹಿಡಿದು ಘಟಪ್ರಭಾಕ್ಕೆ ಹೋದಳು. ಅಲ್ಲಿ ಧನ್ಯಕುಮಾರನ ಕ್ಯಾಸೆಟ್ ಅಂಗಡಿ. ಹೊರಗಿನ ಸದ್ದು ಬರದಂತೆ ಹಿಂದಿನ ಕೋಣೆಯ ಗೋಡೆಗೆ ಕೌದಿ ಹೊಚ್ಚಿ ಅವನೇ ರೆಕಾರ್ಡಿಂಗ್ ಮಾಡುತ್ತಿದ್ದ. ಪದ ಕೇಳಿ ಬೆವತ.

"ಪದ ಛಲೋ ಐತ್ರಿ ಅಕ್ಕಾ. ಕಡೀ ನುಡ್ಯಾಗಿನ ಅವನ ಹೆಸರೊಂದ ತಗೀರಿ. 'ಪಾಪಿ ಗಂಡ' ಅಂದ್ರ ಸಾಕ."

"ಪಾಪಿ ಗಂಡ ಓಣಿಗೊಬ್ಬ ಅದಾನ. ಇಂವಾ ಯಾಂವ ಅಂತ ಹೆಂಗ ತಿಳೀಬೇಕೋ ಧನ್ಯಾ?"

"ಬಂದ ಅಂಗಡಿ ಸುಟ್ರ?"

"ಇಬ್ರೂ ಕೂಡೇ ಸುಡೂಣು. ಟೇಪ್ ಹಚ್ಚ."

ಅವನು ಹಚ್ಚಿದ. ದಪ್ಪು ಆಕೆಯೇ ಹಿಡಿದಳು. ಹಲ್ಲಿಲ್ಲದ ಸಂದಿನಿಂದ ಗಾಳಿ ಸೋರಿದರೂ ದನಿ ಮೊದಲಿನಂತೆಯೇ ಏರಿತು. ಕೊನೆಯ ನುಡಿಗೆ ಬರುವಾಗ ಬಾಗಿಲಲ್ಲಿ ಯಲ್ಲಾರಿ ನಿಂತಿದ್ದ. ಯಾರೋ ಸುದ್ದಿ ಮುಟ್ಟಿಸಿದ್ದರು. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಶೆಟ್ಟೆವ್ವ ಅವನನ್ನು ನೋಡಿದಳು. ಈಗ ನಿಲ್ಲಿಸಿದರೆ ಜೀವ ಉಳಿದೀತು. ಹೆಸರು ಉಳಿಯುವುದಿಲ್ಲ. ಕಣ್ಣು ಮುಚ್ಚಿ ಹಾಡಿದಳು:

"ಒನಕಿಲೆ ಬಡದಾನ ಯಮನವ್ವನ ತಲಿಗಿ
ಯಲ್ಲಾರಿ ಅಂತಾರ ಅವನ ಹೆಸರಿಗಿ…"

"ತಪ್ಪ!" ಎಂದು ಯಲ್ಲಾರಿ ಗುಡುಗಿದ. "ಒನಕಿ ಎಲ್ಲಿಂದ ತಂದೀಯಬೇ? ಗುಂಡಗಲ್ಲಲೆ ಹೊಡದೇನಿ ನಾ!"

ಜೀವಮಾನದ ರೂಢಿ. ಕೊಯ್ತಾಕ್ಕಿಂತ ಮೊದಲು ನಾಲಿಗೆ ಎದ್ದಿತ್ತು.

ಟೇಪು ಇನ್ನೂ ತಿರುಗುತ್ತಿತ್ತು. ಧನ್ಯಕುಮಾರ ಟೇಪಿನ ಕಡೆ ನೋಡಿದ. ಅವನು ನೋಡಿದ್ದನ್ನು ಯಲ್ಲಾರಿ ನೋಡಿದ. ಕೊಯ್ತಾ ಎತ್ತಿ ಯಂತ್ರದ ಮೇಲೆ ಬೀಸಿದ. ಶೆಟ್ಟೆವ್ವ ಅದರ ಮೇಲೆ ಬೋರಲಾಗಿ ಬಿದ್ದಳು. ಮೊದಲ ಏಟು ಬಲ ಮಣಿಕಟ್ಟಿಗೆ, ಎರಡನೆಯದು ಬೆರಳಿಗೆ. ರಕ್ತ ಕೌದಿಗೆ ಸಿಡಿಯಿತು. ಆಕೆ ಮೇಲೇಳಲಿಲ್ಲ. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಧನ್ಯಕುಮಾರ ಕಬ್ಬಿಣದ ಸ್ಟೂಲಿನಿಂದ ಅವನ ನೆತ್ತಿಗೆ ಬಿಟ್ಟ. ಸಂತೆಗೆ ಬಂದ ಮಂದಿ ನುಗ್ಗಿ ಯಲ್ಲಾರಿಯನ್ನು ಅಂಗಡಿಯಿಂದ ಹೊರಗೆಳೆದರು. ಚಪ್ಪಲಿಯಲ್ಲಿ, ಕಟ್ಟಿಗೆಯಲ್ಲಿ, ಕಾಲಲ್ಲಿ ಹೊಡೆದರು. ಅವನ ಬಾಯಿ ಮೂಗು ಒಂದಾಯಿತು.

"ಕೊಲ್ಲಬ್ಯಾಡ್ರೋ! ಅಂವಾ ಕೋರ್ಟಿನ್ಯಾಗ ನಿಂದರಬೇಕು!" ಎಂದು ಶೆಟ್ಟೆವ್ವ ಒಳಗಿನಿಂದ ಕಿರುಚಿದಳು.

ನಿಂತ. ಟೇಪನ್ನು ಕೋರ್ಟು ಕೇಳಿತು. ಅವನು ಜೈಲಿಗೆ ಹೋದ. ಶೆಟ್ಟೆವ್ವನ ಎರಡು ಬೆರಳು ಹೋದವು, ಮಣಿಕಟ್ಟು ಇವತ್ತಿಗೂ ತಿರುಗುವುದಿಲ್ಲ.

ಗಾಯ ಮಾಯ್ದ ಮೇಲೆ ಪದವನ್ನು ಮತ್ತೆ ಹಾಡಿದಳು. ಒನಕೆಯ ಜಾಗದಲ್ಲಿ ಗುಂಡಗಲ್ಲು ಇಟ್ಟಳು. ಧನ್ಯಕುಮಾರ ಮುಖ ಹುಳ್ಳಗೆ ಮಾಡಿದ. "ಅವ ಹೇಳಿದ್ದನ್ನ ಇಡ್ತೀರೇನ್ರಿ ಅಕ್ಕಾ?"

"ತಪ್ಪ ಹಿಡದಾವ ಯಾವನರ ಇರಲಿ, ತಪ್ಪ ತಪ್ಪ" ಎಂದಳು.

ಕ್ಯಾಸೆಟ್ಟು ಬಂತು. ಆಕೆಯ ಕೊನೆಯದು. ಯಲ್ಲಾರಿಯ ತಮ್ಮಂದಿರು ಒಂದು ಪೆಟ್ಟಿಗೆ ಕ್ಯಾಸೆಟ್ಟು ತಂದು ಆಕೆಯ ಬಾಗಿಲ ಮುಂದೆ ಕಲ್ಲಿನಿಂದ ಜಜ್ಜಿದರು. ಆಕೆ ಹೊರಗೆ ಬಂದು ಅದೇ ಪದ ಎತ್ತಿದಳು. ಜಜ್ಜುವವರ ತಲೆಯ ಮೇಲೆ ಅವರಣ್ಣನ ಹೆಸರು ಹಾಡಿದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಾಗಿಲು ತೆರೆದು ನಿಂತರು. ತಮ್ಮಂದಿರು ಕಲ್ಲು ಬಿಟ್ಟು ಹೋದರು.

ಆ ಮನೆಯನ್ನು ಆಕೆ ಬಿಟ್ಟಿಲ್ಲ. ಇದನ್ನು ಓದಿದವರು ಒಮ್ಮೆ ಮೂಡಲಗಿಗೆ ಹೋಗಿ ಬರ್ರಿ. ಪದದ ಶೆಟ್ಟೆವ್ವ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ದಪ್ಪು ಬಾರಿಸಲು ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಆಕೆಯ ಕೈಯಿಂದ ಅದು ಆಗುವುದಿಲ್ಲ. ಹಾಡು ಆಗುತ್ತದೆ.